ಒಳಗಿನಿಂದ ಬೆವರಿದ ಗಾಜು

ದಾಂಡೇಲಿಯಿಂದ ಸಮುದ್ರಕ್ಕೆ ನೂರು ಕಿಲೋಮೀಟರಿನ ಮೇಲೆ ದಾರಿಯಿದೆ. ಆದರೂ ಕಾರವಾರದ ಮೀನುಗಾರಿಕೆ ಬೋಟುಗಳಲ್ಲಿ ನೀರಿನ ಆಳ ತೋರಿಸುವ ಪರದೆ ಕೆಟ್ಟರೆ ಅದು ಬಂದು ಸೇರುವುದು ಅಂಬೇವಾಡಿಯ ಒಂದು ಓಣಿಗೆ, ಮಧುಮತಿಯ ಮನೆಯ ಮುಂದಿನ ಕೋಣೆಗೆ.

ಮಧುಮತಿಯ ತಂದೆ ದ್ಯಾಮಪ್ಪ ಸವದತ್ತಿ ಕಡೆಯವರು. ಇಪ್ಪತ್ತರ ಹರೆಯದಲ್ಲಿ ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆ ಸೇರಿ, ಹಾಳೆಗಳನ್ನು ಎಣಿಸಿ ಸುತ್ತಿ ಕಟ್ಟುವ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದರು. ಒಂದು ಹಾಳೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅದರಲ್ಲಿ ತೇವ ಎಷ್ಟಿದೆ ಎಂದು ಹೇಳಬಲ್ಲವರಾಗಿದ್ದರು. ಮಗಳು ಹಳಿಯಾಳದ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುತ್ತೇನೆಂದಾಗ ನೆಂಟರು ಮೂಗು ಮುರಿದರು. ದ್ಯಾಮಪ್ಪ ಬಸ್ ಪಾಸ್ ಮಾಡಿಸಿಕೊಟ್ಟರು.

ಕಲಿತು ಬಂದ ಮಧುಮತಿ ಹದಿನೈದು ವರ್ಷ ಟಿವಿ ರಿಪೇರಿ ಮಾಡಿದಳು. ಮೊದಮೊದಲು ಹೆಂಗಸಿನ ಕೈಗೆ ಟಿವಿ ಕೊಡಲು ಜನ ಹಿಂದೆಮುಂದೆ ನೋಡಿದರು. ಆಮೇಲೆ ಅವಳನ್ನು ಬಿಟ್ಟು ಬೇರೆಯವರ ಹತ್ತಿರ ಒಯ್ಯುತ್ತಿರಲಿಲ್ಲ. ಆದರೆ ತೆಳ್ಳನೆಯ ಟಿವಿಗಳು ಬಂದ ಮೇಲೆ ಕೆಟ್ಟದ್ದನ್ನು ಸರಿ ಮಾಡಿಸುವ ರೂಢಿಯೇ ಕಡಿಮೆಯಾಯಿತು. ಅವಳ ಕೋಣೆಯಲ್ಲಿ ಮಿಕ್ಸರ್ ಮತ್ತು ಇಸ್ತ್ರಿ ಪೆಟ್ಟಿಗೆಗಳಷ್ಟೇ ಉಳಿದವು.

ಬೋಟಿನ ಪರದೆಯನ್ನು ಮೊದಲು ತಂದವನು ಅವಳ ಗಂಡ ದುಂಡೇಶ. ಅವನು ಜೋಯಿಡಾ ಮೇಲಿಂದ ಕಾರವಾರಕ್ಕೆ ಹೋಗಿಬರುವ ಬಸ್ಸಿನ ಕಂಡಕ್ಟರ್. ಬೈತಖೋಲ ಬಂದರಿನ ಮಹಾಬಳೇಶ್ವರ ಎಂಬ ಬೋಟಿನ ಯಜಮಾನ ಒಂದು ಸಲ ಬಸ್ಸಿನಲ್ಲಿ ಕೂತು, ತನ್ನ ಪರದೆ ಕೆಟ್ಟಿದೆ, ಮುಂಬೈಗೆ ಕಳಿಸಿದರೆ ಎರಡು ತಿಂಗಳು ಎಂದು ಗೊಣಗಿದ. ನನ್ನ ಹೆಂಡತಿ ನೋಡುತ್ತಾಳೆ ಎಂದು ದುಂಡೇಶ ಯೋಚಿಸದೆಯೇ ಹೇಳಿಬಿಟ್ಟ.

ಅದು ಟಿವಿಯಂತಿರಲಿಲ್ಲ. ಇಟ್ಟಿಗೆಯಷ್ಟು ಭಾರದ ಡಬ್ಬಿ. ಸುತ್ತಲೂ ರಬ್ಬರಿನ ಅಂಚು. ವೈರುಗಳು ಬೋಲ್ಟಿನ ಹಾಗೆ ತಿರುಚಿ ಕೂರುವಂಥವು. ನೀರಿನ ಆಳ, ಬಂಡೆ, ಮೀನಿನ ಹಿಂಡು, ಬೋಟು ಬಂದ ದಾರಿ ಎಲ್ಲವನ್ನೂ ಅದೇ ತೋರಿಸಬೇಕು. ಮಧುಮತಿ ಅದನ್ನು ಅಂಗಳದ ಬಿಸಿಲಿಗೆ ಒಯ್ದು ಹಚ್ಚಿದಳು. ಮೊಬೈಲ್ ಪರದೆ ಕಪ್ಪಾಗಿ ಕಾಣುವ ಆ ಉರಿಬಿಸಿಲಿನಲ್ಲೂ ಇದರ ಅಂಕಿಗಳು ಹೊಳೆದವು. ಇಷ್ಟು ಗಟ್ಟಿಯಾದದ್ದನ್ನು ಯಾರೋ ಮನಸ್ಸಿಟ್ಟು ಮಾಡಿದ್ದಾರೆ ಎಂದು ಅವಳಿಗೆ ಹಿಗ್ಗಾಯಿತು. ಉಪ್ಪು ತಿಂದ ಒಂದು ತಂತಿಯನ್ನು ಬದಲಿಸಿದ್ದಷ್ಟೇ, ಪರದೆಗೆ ಜೀವ ಬಂತು. ಬಂದರಿನಲ್ಲಿ ಮಾತು ಬಾಯಿಂದ ಬಾಯಿಗೆ ಹರಡಿತು.

ಜೂನ್ ಜುಲೈನಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧ. ಬೋಟುಗಳು ದಡದಲ್ಲಿರುತ್ತವೆ, ಎಂಜಿನ್, ಬಲೆ, ಪರದೆ ಎಲ್ಲದರ ರಿಪೇರಿ ಆಗಲೇ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳ ಬಳಿ ಹನ್ನೊಂದು ಪರದೆ ಬಂದವು. ಹಲವು ಡಬ್ಬಿಗಳ ಒಳಗೆ ನೀರು ಹೊಕ್ಕ ಗುರುತಿತ್ತು. ಈ ಸಲ ಹನಿ ನೀರೂ ಹೋಗಬಾರದು ಎಂದು ಮಧುಮತಿ ಹಟ ಹಿಡಿದಳು. ಹಳೆಯ ರಬ್ಬರು ಕಿತ್ತು ಹೊಸದು ಕೂರಿಸಿದಳು, ಸಂದುಗಳಿಗೆಲ್ಲ ಸಿಲಿಕಾನ್ ಅಂಟು ತುಂಬಿದಳು. ಪ್ರತಿ ಡಬ್ಬಿಯ ಬೆನ್ನಿಗೂ ಕಡಲೆಕಾಳಿನಷ್ಟು ಅಗಲದ ತೂತೊಂದಿತ್ತು, ಅದರ ಮೇಲೆ ತೆಳುವಾದ ಬಿಳಿ ಪೊರೆ. ಉಪ್ಪು ಅಲ್ಲೇ ಗಟ್ಟಿಯಾಗಿತ್ತು. ನೀರು ಬರುವುದು ಇಲ್ಲಿಂದಲೇ ಎಂದು ಅದನ್ನೂ ಅಂಟಿನಿಂದ ಮುಚ್ಚಿದಳು. ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದಳು. ಒಂದೂ ಗುಳ್ಳೆ ಏಳಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಹತ್ತು ದಿನದಲ್ಲಿ ಏಳು ಜನರ ಫೋನ್ ಬಂತು. ಪರದೆಯೊಳಗೆ ನೀರು ಸೇರಿದೆ, ಬೆಳಿಗ್ಗೆ ಏನೂ ಕಾಣುವುದಿಲ್ಲ. ಮಧುಮತಿ ಎರಡನ್ನು ತರಿಸಿಕೊಂಡು ಮೇಜಿನ ಮೇಲೆ ದಿನವಿಡೀ ಓಡಿಸಿದಳು. ಗಾಜು ಸ್ವಚ್ಛವಾಗಿತ್ತು. ನೀವು ಕೂರಿಸುವಾಗ ಡಬ್ಬಿ ಬಿರುಕು ಬಿಟ್ಟಿರಬೇಕು ಎಂದು ಅವರಿಗೇ ತಿರುಗಿಸಿ ಹೇಳಿದಳು. ಒಬ್ಬ ಕೋಪದಿಂದ ಫೋನ್ ಇಟ್ಟ. ಮಹಾಬಳೇಶ್ವರ ಮಾತ್ರ ಜಗಳ ತೆಗೆಯಲಿಲ್ಲ. ಅಲ್ಲಿ ಕೂತು ಹೇಳಿದರೆ ಗೊತ್ತಾಗುವುದಿಲ್ಲ, ಒಂದು ಬೆಳಗು ಬೋಟು ಹತ್ತಿ ನೋಡು ಎಂದ.

ಮಾರನೆಯ ದಿನ ಅವಳು ಗಂಡನ ಬಸ್ಸಿನಲ್ಲೇ ಹೊರಟಳು. ಅಣಶಿ ಘಟ್ಟದಲ್ಲಿ ಒಂದು ಕಡೆ ಮಣ್ಣು ಜಾರಿ ಬಸ್ಸು ಒಂದೂವರೆ ತಾಸು ನಿಂತಿತು. ನಾನೇ ಸರಿಯಿದ್ದರೆ ಬೋಟಿನವರಿಗೆ ಹೇಗೆ ತಿಳಿಸಲಿ ಎಂದು ಯೋಚಿಸುತ್ತ ಅವಳು ಕಿಟಕಿಗೆ ಆತು ಕೂತಿದ್ದಳು. ಆ ರಾತ್ರಿ ಮಹಾಬಳೇಶ್ವರನ ಮನೆಯಲ್ಲಿ ಉಳಿದುಕೊಂಡಳು.

ಬೆಳಕು ಹರಿಯುವ ಹೊತ್ತಿಗೆ ಬೋಟು ಹೊರಟಿತು. ರಾತ್ರಿಯೆಲ್ಲ ಮಳೆ ಹೊಡೆದು ಗಾಜು ತಣ್ಣಗಿತ್ತು. ಮಹಾಬಳೇಶ್ವರ ಪರದೆ ಹಚ್ಚಿದ. ಒಳಗೆ ಬಣ್ಣಗಳು ಮೂಡಿದವು, ಆದರೆ ಹಾಲು ಚೆಲ್ಲಿದ ಹಾಗೆ. ಆಳದ ಅಂಕಿ ಮೂರೋ ಎಂಟೋ ತಿಳಿಯುತ್ತಿರಲಿಲ್ಲ. ಮಧುಮತಿ ಸೆರಗಿನಿಂದ ಗಾಜು ಒರೆಸಿದಳು. ಏನೂ ಬದಲಾಗಲಿಲ್ಲ.

“ಒರೆಸಿ ಉಪಯೋಗ ಇಲ್ಲ ಅಕ್ಕಾ. ಅದು ಒಳಗಿಂದ ಬೆವರ್ತದೆ,” ಎಂದ ಮಹಾಬಳೇಶ್ವರ.

ಅವನು ಎಂಜಿನ್ನಿನ ಸದ್ದು ಇಳಿಸಿದ. ಬಂದರಿನ ಬಾಯಿ ದಾಟಿದ ಮೇಲೆ ನೀರಿನೊಳಗೆ ಬಂಡೆಗಳಿದ್ದವು. ಆಳು ಲಗಮಪ್ಪ ಮುಂದೆ ನಿಂತು ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು, ಆಳವನ್ನು ಮಾರಿನ ಲೆಕ್ಕದಲ್ಲಿ ಕೂಗುತ್ತ ಬಂದ. ಯಾರ ಮುಖದಲ್ಲೂ ಗಾಬರಿಯಿರಲಿಲ್ಲ. ಮಧುಮತಿ ಎರಡೂ ಕೈಯಲ್ಲಿ ಸರಳು ಹಿಡಿದು ಆ ಕೂಗನ್ನೇ ಕೇಳುತ್ತಿದ್ದಳು. ಅರ್ಧ ತಾಸಿಗೆ ಪರದೆ ತನ್ನದೇ ಕಾವಿಗೆ ಬೆಚ್ಚಗಾಗಿ ಹಾಲುಬಿಳುಪು ಕರಗಿತು, ಅಂಕಿಗಳು ನಿಚ್ಚಳವಾದವು. ಅಷ್ಟರಲ್ಲಿ ಬಂಡೆಗಳು ಹಿಂದೆ ಬಿದ್ದಿದ್ದವು. ತನ್ನ ಮೇಜಿನ ಮೇಲೆ ಏನೂ ಕಾಣದಿದ್ದುದು ಯಾಕೆಂದು ಅವಳಿಗೆ ಆಗ ತಿಳಿಯಿತು. ಪರದೆ ಬೇಕಾದದ್ದೇ ಆ ಮೊದಲ ಅರ್ಧ ತಾಸಿನಲ್ಲಿ.

ದಡಕ್ಕೆ ಬಂದ ಮೇಲೆ ಅವಳು ಡಬ್ಬಿಯನ್ನು ಅಲ್ಲೇ ಬಿಚ್ಚಿದಳು. ಬಿರುಕಿರಲಿಲ್ಲ, ರಬ್ಬರು ಕೂರಿಸಿದ ಹಾಗೆಯೇ ಇತ್ತು. ಒಳಗಿನ ಲೋಹದ ಮೂಲೆಯಲ್ಲಿ ಒಂದು ಹನಿ ನಿಂತಿತ್ತು. ಅದನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಮುಟ್ಟಿಸಿದಳು. ಸಪ್ಪಗಿತ್ತು. ಇನ್ನೊಮ್ಮೆ ಮುಟ್ಟಿಸಿದಳು. ಸಮುದ್ರದ ನೀರಾಗಿದ್ದರೆ ಉಪ್ಪಿರಬೇಕಿತ್ತು. ಇದು ಕಡಲಿನದಲ್ಲ, ಜುಲೈ ಮಳೆಯಲ್ಲಿ ತಾನೇ ಮುಚ್ಚಿದ ಅಂಬೇವಾಡಿಯ ಹಸಿ ಗಾಳಿ. ಮಹಾಬಳೇಶ್ವರ ಚಹಾ ತಂದುಕೊಟ್ಟು ಏನಾಯಿತೆಂದು ಕೇಳಿದ. ಊರಿಗೆ ಹೋಗಿ ಹೇಳುತ್ತೇನೆ ಎಂದಳು.

ಸಂಜೆ ಮನೆಯಲ್ಲಿ ತಂದೆಗೆ ಎಲ್ಲ ಹೇಳಿದಳು. ದ್ಯಾಮಪ್ಪ ಪರದೆ ಮುಟ್ಟಲಿಲ್ಲ, ಅದರ ವಿಷಯ ತನಗೇನೂ ಗೊತ್ತಿಲ್ಲ ಎಂದರು. ಆಮೇಲೆ ತಮ್ಮ ಕಾರ್ಖಾನೆಯ ಮಾತು ತೆಗೆದರು.

“ಮಳಿಗಾಲದಾಗ ನಾವು ಕಾಗದಾ ಕಟ್ಟೂ ಮೊದ್ಲ ಒಂದಿನ ಒಣಾ ಖೋಲ್ಯಾಗ ಇಡತಿದ್ವಿ. ಹಸಿ ಗಾಳಿ ಒಳಗಿಟ್ಟು ಕಟ್ಟಿದ್ರ, ಹೊರಗ ಎಷ್ಟ ಮೇಣದ ಕಾಗದಾ ಸುತ್ತಿದ್ರೂ ಒಳಗ ಬೂಸು ಹಿಡೀತಿತ್ತು.”

ಮಧುಮತಿ ತನ್ನ ಬಳಿಯಿದ್ದ ಡಬ್ಬಿಯ ಬೆನ್ನಿನ ತೂತನ್ನು ತೋರಿಸಿದಳು. ಅಂಟನ್ನು ಮೆಲ್ಲಗೆ ಕೆರೆದು ಆ ಬಿಳಿ ಪೊರೆಯನ್ನು ದೀಪಕ್ಕೆ ಹಿಡಿದಳು. ನೀರಿನ ಹನಿ ಹಾಕಿದರೆ ಮೇಲೇ ನಿಂತಿತು. ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಯಿತು. ಡಬ್ಬಿ ಉಸಿರಾಡಲೆಂದೇ ಮಾಡಿದವರು ಇಟ್ಟಿದ್ದ ಬಾಯಿ ಅದು. ಹನ್ನೊಂದು ಡಬ್ಬಿಗಳ ಉಸಿರನ್ನೂ ಅವಳೇ ಕಟ್ಟಿದ್ದಳು.

ಬಿರುಕು ನಿಮ್ಮದೇ ಎಂದು ಹೇಳಿದವರಿಗೆ ಈಗ ಬೇರೆ ಹೇಳಬೇಕಿತ್ತು. ಹೊಸ ರಬ್ಬರು ಹಾಕುತ್ತೇನೆಂದು ತರಿಸಿಕೊಂಡು ಸದ್ದಿಲ್ಲದೆ ಸರಿಮಾಡು, ಯಾರಿಗೆ ತಿಳಿಯುತ್ತದೆ ಎಂದು ದುಂಡೇಶ ಸೂಚಿಸಿದ. ಅವನ ಕಾಳಜಿ ಅವಳಿಗೆ ಅರ್ಥವಾಗಿತ್ತು. ಬಂದರಿನಲ್ಲಿ ಹೆಸರು ಕೆಟ್ಟರೆ ಮತ್ತೆ ಮಿಕ್ಸರಿಗೆ ಮರಳಬೇಕು. ಆದರೆ ಬೋಟಿನ ಮುಂದೆ ನಿಂತು ಆಳ ಕೂಗುತ್ತಿದ್ದವನ ದನಿ ಅವಳ ಕಿವಿಯಲ್ಲಿತ್ತು. ಇನ್ನೂ ಫೋನ್ ಮಾಡದ ನಾಲ್ವರ ಪರದೆಗಳೂ ಒಂದಲ್ಲ ಒಂದು ಬೆಳಗು ಬೆವರುವವೇ.

ಅವಳು ಹನ್ನೊಂದು ಜನಕ್ಕೂ ಒಬ್ಬೊಬ್ಬರಾಗಿ ಫೋನ್ ಮಾಡಿದಳು. ಎಲ್ಲರಿಗೂ ಹೇಳಿದ್ದು ಒಂದೇ ಮಾತು.

“ತಪ್ಪು ನಂದೈತ್ರಿ, ನಿಮ್ಮ ಬೋಟಿಂದಲ್ಲ. ಪರದೆ ಬಸ್ಸಿನ್ಯಾಗ ಕಳಸ್ರಿ, ಸುಧಾರಿಸಿ ಕೊಡ್ತೇನಿ. ಅಲ್ಲೀತನಕಾ ಅದನ್ನ ನಂಬಿ ಕಲ್ಲುಬಂಡಿ ಹತ್ರ ಹೋಗಬ್ಯಾಡ್ರಿ.”

ಕೆಲವರು ನಕ್ಕರು. ಫೋನ್ ಇಟ್ಟಿದ್ದವನು ಬಹಳ ಹೊತ್ತು ಬೈದ, ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಮೂವರು ಪರದೆ ಕಳಿಸಲೇ ಇಲ್ಲ. ಬೇರೆಯವರ ಹತ್ತಿರ ಹೋದರು. ಮಿಕ್ಕ ಎಂಟು ಬಂದವು.

ದ್ಯಾಮಪ್ಪ ಹಳೆಯ ತಗಡಿನ ಕಪಾಟೊಂದನ್ನು ಹುಡುಕಿ ತಂದರು. ಒಳಗೆ ಎರಡು ಬಲ್ಬು ಉರಿಸಿ, ಬಿಚ್ಚಿದ ಪರದೆಗಳನ್ನು ಎರಡು ದಿನ ಅದರಲ್ಲಿ ಒಣಗಿಸಿದರು. ಒಣಗಿತೋ ಇಲ್ಲವೋ ಎಂದು ತಿಳಿಯಲು ಮುದುಕರು ಒಂದು ಹಾಳೆಯನ್ನೂ ಜೊತೆಗಿಟ್ಟಿದ್ದರು. ಅವರು ಅದನ್ನು ಹೊರತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ತಲೆದೂಗಿದ ಮೇಲೆಯೇ ಮಧುಮತಿ ಡಬ್ಬಿಯನ್ನು ಬೆಚ್ಚಗಿರುವಾಗಲೇ ಮುಚ್ಚುತ್ತಿದ್ದಳು. ಹೊಸ ಪೊರೆಗಳನ್ನು ಪುಣೆಯಿಂದ ತರಿಸಿದಳು. ಕಳಿಸುವ ಮೊದಲು ಪ್ರತಿ ಪರದೆಯ ಗಾಜಿನ ಮೇಲೂ ತಾಸೊಂದು ಮಂಜುಗಡ್ಡೆ ಇಟ್ಟು, ಒಳಗೆ ಬೆವರುತ್ತದೆಯೇ ಎಂದು ಕಾದಳು. ಈ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು ಎಂದು ಪ್ರತಿ ಸಲವೂ ತನ್ನನ್ನೇ ಬೈದುಕೊಂಡಳು.

ಆ ವರ್ಷ ಮತ್ತೆ ದೂರು ಬರಲಿಲ್ಲ. ಮುಂದಿನ ಜೂನಿನಲ್ಲಿ ಒಂಬತ್ತು ಪರದೆ ಬಂದವು, ಬೈದವನದೂ ಅದರಲ್ಲಿತ್ತು. ಈಗ ಅವಳು ಮಳೆ ಜೋರಿರುವ ದಿನ ಯಾವ ಡಬ್ಬಿಯನ್ನೂ ಮುಚ್ಚುವುದಿಲ್ಲ. ಬೇಗ ಬೇಕೆಂದವರಿಗೆ ಕಾಯಲು ಹೇಳುತ್ತಾಳೆ. ನಿಷೇಧ ಮುಗಿಯಲು ನಾಲ್ಕೇ ದಿನವಿದ್ದಾಗ ಮಹಾಬಳೇಶ್ವರನೂ ಒಮ್ಮೆ ಅವಸರ ಮಾಡಿದ. ಅವನಿಗೂ ಅದೇ ಉತ್ತರ ಸಿಕ್ಕಿತು.

ಪರದೆ ಅವನ ಕೈಸೇರಿದ ವಾರದಲ್ಲಿ ದುಂಡೇಶ ಬಸ್ಸಿಳಿದು ಬಂದಾಗ ಕೈಯಲ್ಲೊಂದು ಗಂಟಿತ್ತು. ಮಹಾಬಳೇಶ್ವರನ ಹೆಂಡತಿ ಒಣಮೀನು ಕಟ್ಟಿ ಕಳಿಸಿದ್ದಳು. ಇವರ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಘಟ್ಟ ಹತ್ತುವಷ್ಟೂ ಹೊತ್ತು ಬಸ್ಸೆಲ್ಲ ವಾಸನೆ ಹರಡಿ, ಪ್ರಯಾಣಿಕರು ತನ್ನನ್ನೇ ನೋಡುತ್ತಿದ್ದರೆಂದು ಅವನು ದೂರಿದ. ಮಧುಮತಿ ನಗುತ್ತ ಗಂಟನ್ನು ಇಸಿದುಕೊಂಡು ಪಕ್ಕದ ಮನೆಯ ನೀಲಕ್ಕನಿಗೆ ಕೊಟ್ಟುಬಂದಳು. ಆಮೇಲೆ ಮಹಾಬಳೇಶ್ವರನ ಮನೆಗೆ ಫೋನ್ ಮಾಡಿ, ಮುಟ್ಟಿತು ಎಂದು ತಿಳಿಸಿದಳು.