ಭಾವನ ವಾಚಿನ ಮುಚ್ಚಳ

ಆ ವಾಚಿನ ಹಿಂಬದಿಯ ಮುಚ್ಚಳವನ್ನು ತೆರೆದದ್ದು ನಾನು. ರಿಪೇರಿಯ ವಾಸಣ್ಣ ಅದನ್ನು ಮುಟ್ಟುವುದಕ್ಕೆ ಎರಡು ದಿನ ಮೊದಲೇ, ಉಡುಪಿಯ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ನಾನೇ ತೆರೆದೆ. ಒಳಗಿನದ್ದನ್ನು ಕೆಡಿಸಿದವನೂ ನಾನೇ. ಈ ಮಾತನ್ನು ಹೇಳಬೇಕಾಗಿದ್ದ ದಿನ ಹೇಳಲಿಲ್ಲ. ಹೇಳದೆ ಸುಮ್ಮನಿದ್ದದ್ದಷ್ಟೇ ನನ್ನ ತಪ್ಪಾಗಿದ್ದರೆ — ಅಷ್ಟೇ ಆಗಿರಲಿಲ್ಲ. ನಾನು ಬಾಯಿ ಬಿಟ್ಟು ಸುಳ್ಳನ್ನೂ ಹೇಳಿದೆ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಮಣಿಪಾಲದ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾನು ಸಹಾಯಕನಾಗಿದ್ದೆ. ಮದುವೆಯಾಗಿ ಎರಡು ವರ್ಷ, ಮಗಳಿಗೆ ಆರು ತಿಂಗಳು. ನನ್ನ ಅಕ್ಕನನ್ನು ಕಾರ್ಕಳಕ್ಕೆ ಕೊಟ್ಟಿದ್ದೆವು. ಭಾವ ಕುವೈತಿನಲ್ಲಿದ್ದರು. ಆ ಸಲ ರಜೆಯಲ್ಲಿ ಬಂದಾಗ ಅವರ ಕೈಯಲ್ಲಿ ಚಿನ್ನದ ಸ್ವಿಸ್ ವಾಚು ಇತ್ತು. ಹನ್ನೆರಡು ವರ್ಷ ನಂಬಿಕೆಯಿಂದ ದುಡಿದದ್ದಕ್ಕೆ ಅಲ್ಲಿಯ ಯಜಮಾನನೇ ತನ್ನ ಕೈಯಾರೆ ಕಟ್ಟಿದ್ದಂತೆ. ಸ್ನಾನಕ್ಕೆ ಹೋಗುವಾಗ ಅದನ್ನು ಬಿಚ್ಚಿ ಅಕ್ಕನ ಕೈಗೇ ಕೊಡುತ್ತಿದ್ದರು, ಮೇಜಿನ ಮೇಲೆ ಇಡುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಆ ವಾಚು ದಿನಕ್ಕೆ ಹತ್ತು ನಿಮಿಷ ಮುಂದೆ ಓಡತೊಡಗಿತು. ಭಾವ ಅದನ್ನು ನನ್ನ ಕೈಗೆ ಕೊಟ್ಟು, "ಉಡುಪಿಯಲ್ಲಿ ಒಳ್ಳೆಯ ಜನ ಯಾರಿದ್ದಾರೆ ನೋಡಿ ಸರಿ ಮಾಡಿಸು. ಕಂಡಕಂಡವರ ಕೈಗೆ ಕೊಡಬೇಡ ಮಾರಾಯ," ಎಂದರು.

ಒಳ್ಳೆಯ ಜನ ಎಂದರೆ ವಾಸಣ್ಣ. ಬಸ್‌ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ, ಲಿಗೋರಿಯವರ ಹೊಲಿಗೆ ಅಂಗಡಿಗೆ ತಾಗಿಕೊಂಡು ಅವರ ವಾಚ್ ರಿಪೇರಿಯ ಅಂಗಡಿಯಿತ್ತು. ಗಾಜಿನ ಪೆಟ್ಟಿಗೆಯ ಹಿಂದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಡೀ ದಿನ ಬಗ್ಗಿ ಕುಳಿತಿರುತ್ತಿದ್ದರು. ನಾನು ಪಾಠ ಹೇಳುವವನಲ್ಲದಿದ್ದರೂ ನನ್ನನ್ನು ಮಾಸ್ಟ್ರೇ ಎಂದೇ ಕರೆಯುತ್ತಿದ್ದರು. ಅವರಲ್ಲಿ ನನಗೆ ಸಂಶಯ ಇರಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಇತ್ತು. ಫಾರಿನ್ ವಾಚು ಕೊಟ್ಟರೆ ರಿಪೇರಿಯವರು ಒಳಗಿನ ಅಸಲಿ ಭಾಗ ತೆಗೆದು ಬೇರೆ ಹಾಕುತ್ತಾರೆ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಕೊಡುವ ಮೊದಲು ಒಳಗೆ ಏನೇನಿದೆ ಎಂದು ಒಮ್ಮೆ ನೋಡಿಟ್ಟುಕೊಳ್ಳೋಣ ಅಂದುಕೊಂಡೆ. ಅದರ ಜೊತೆಗೆ — ಇದನ್ನೂ ಹೇಳಿಬಿಡಬೇಕು — ಸ್ವಲ್ಪ ಜಂಬವೂ ಇತ್ತು. ಲ್ಯಾಬಿನಲ್ಲಿ ಎಷ್ಟು ಸೂಕ್ಷ್ಮ ಉಪಕರಣಗಳನ್ನು ಬಿಚ್ಚಿ ಜೋಡಿಸಿದ ಕೈ ಇದು. ಒಂದು ವಾಚು ಯಾವ ದೊಡ್ಡ ವಿಷಯ?

ಭಾನುವಾರ ಮಧ್ಯಾಹ್ನ ಹೆಂಡತಿ ಮಗುವನ್ನು ಮಲಗಿಸುತ್ತಿದ್ದಳು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಲ್ಯಾಬಿನಿಂದ ತಂದ ಡಿವೈಡರಿನ ಎರಡು ಮೊನೆಗಳನ್ನು ಮುಚ್ಚಳದ ಕಚ್ಚುಗಳಿಗೆ ಕೊಟ್ಟು ತಿರುಗಿಸಿದೆ. ಮೊದಲ ಸಲ ಜಾರಿತು. ಚಿನ್ನದ ಮೇಲೆ ಕೂದಲಿನಂಥ ಒಂದು ಗೀರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮತ್ತೆ ಒತ್ತಿ ತಿರುಗಿಸಿದಾಗ ಮುಚ್ಚಳ ಬಿಟ್ಟಿತು. ಒಳಗೆ ಪುಟ್ಟ ಚಕ್ರವೊಂದು ಅತ್ತ ಇತ್ತ ತಿರುಗುತ್ತಿತ್ತು, ಅದರ ನಡುವೆ ತೆಳ್ಳಗಿನ ಸುರುಳಿ ಉಸಿರಾಡುತ್ತಿತ್ತು. ನೋಡಿ ಮುಚ್ಚಿದ್ದರೂ ಸಾಕಿತ್ತು. ಸುರುಳಿಯ ಹತ್ತಿರ ಧೂಳಿನ ಕಣ ಇದ್ದಂತೆ ಕಂಡಿತು. ಚಿಮುಟದಿಂದ ತೆಗೆಯಲು ಹೋದೆ. ಕೈ ಜಾರಿತೋ, ಒಳಗೆ ಮಗು ಅತ್ತಿತೋ — ಈಗ ಕಾರಣ ಹುಡುಕುವುದು ಬೇಡ. ಸುರುಳಿ ಚಿಮುಟಕ್ಕೆ ಸಿಕ್ಕಿ ಬಾಗಿತು. ಚಕ್ರ ನಿಂತಿತು.

ಮುಚ್ಚಳ ಹಾಕಿ, ಒರೆಸಿ, ಯಾರಿಗೂ ಹೇಳದೆ ಮಂಗಳವಾರ ವಾಸಣ್ಣನಿಗೆ ಕೊಟ್ಟೆ. "ಮುಂದೆ ಓಡುತ್ತಿತ್ತು, ಈಗ ನಿಂತಿದೆ," ಎಂದೆ.

ಅವರು ತೆರೆಯುವ ಮೊದಲು ಒಂದು ಸಣ್ಣ ದಿಕ್ಸೂಚಿಯನ್ನು ವಾಚಿನ ಹತ್ತಿರ ಹಿಡಿದರು. ಮುಳ್ಳು ಅಲುಗಾಡಿತು. "ಟೇಪ್ ರೆಕಾರ್ಡರಿನ ಹತ್ತಿರ ಇಡುತ್ತಿದ್ದರಾ? ಅಯಸ್ಕಾಂತ ಹಿಡಿದಿದೆ. ಮುಂದೆ ಓಡಿದ್ದು ಅದಕ್ಕೇ. ಇದು ತೆಗೆಯಲಿಕ್ಕೆ ಮೆಷಿನ್ ಉಂಟು, ಮುಚ್ಚಳ ತೆರೆಯುವುದೇ ಬೇಡ."

ಭಾವ ಕುವೈತಿನಿಂದ ತಂದ ದೊಡ್ಡ ಟೇಪ್ ರೆಕಾರ್ಡರು ಅವರ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು, ವಾಚು ಕಟ್ಟಿಕೊಂಡೇ ಅವರು ಮಲಗುತ್ತಿದ್ದರು. ಅಯಸ್ಕಾಂತಗಳನ್ನು ದಿನಾ ಎತ್ತಿಡುವ ನನಗೆ ಅದು ಹೊಳೆದಿರಲಿಲ್ಲ.

ನಿಂತದ್ದೇಕೆಂದು ನೋಡಲು ಅವರು ಆಮೇಲೆ ತೆರೆದರು. ಬಹಳ ಹೊತ್ತು ನೋಡಿ ಭೂತಗನ್ನಡಿ ತೆಗೆದರು.

"ಮಾಸ್ಟ್ರೇ, ಇದನ್ನು ಯಾರೋ ತೆರೆದಿದ್ದಾರಲ್ವಾ?"

"ಇಲ್ಲ," ಎಂದೆ.

ವಾಸಣ್ಣ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. ಸುರುಳಿಯನ್ನು ತಿದ್ದಲು ನಾಲ್ಕು ದಿನ ಒದ್ದಾಡಿದರು. ವಾಚು ಓಡಿತು, ಆದರೆ ಗಳಿಗೆಗೊಂದು ಸಮಯ ತೋರಿಸಿತು. ವಾಚು ಒಯ್ಯಲು ನಮ್ಮ ಮನೆಗೆ ಬಂದ ಭಾವ ಗೀರನ್ನು ಕಂಡರು, ನನ್ನನ್ನೂ ಕರೆದುಕೊಂಡು ಸೀದಾ ಓಣಿಗೆ ನಡೆದರು.

"ಒರಿಜಿನಲ್ ತೆಗೆದು ಎಂತ ಹಾಕಿದ್ದೀರಿ ಒಳಗೆ?"

"ನಾನು ಏನೂ ಬದಲಾಯಿಸಲಿಲ್ಲ. ಗೀರು ಮೊದಲೇ ಇತ್ತು, ಸುರುಳಿ ಬಾಗಿದ್ದೂ ಮೊದಲೇ. ಇವರನ್ನು ಕೇಳಿ," ಎಂದು ವಾಸಣ್ಣ ನನ್ನ ಮುಖ ನೋಡಿದರು.

ಲಿಗೋರಿಯವರ ಹೊಲಿಗೆ ಮೆಷಿನ್ನು ನಿಂತಿತ್ತು. ಬಸ್ಸಿಗೆ ಹೊರಟವರು ಐದಾರು ಜನ ಸುತ್ತ ನಿಂತಿದ್ದರು. ನಾನು ಹೇಳಿದೆ — "ನಾನು ಕೊಡುವಾಗ ಗೀರು ಇರಲಿಲ್ಲ, ಒಳಗೂ ಸರಿಯಾಗಿಯೇ ಇತ್ತು."

ಭಾವನ ದನಿ ಏರಿತು. "ಹಾಗಾದರೆ ಬನ್ನಿ, ದೈವದ ಎದುರು ನಿಂತು ಪ್ರಮಾಣ ಮಾಡಿ."

ನಮ್ಮ ಕಡೆ ಆ ಮಾತಿನ ನಂತರ ಬೇರೆ ಮಾತಿಲ್ಲ. ವಾಸಣ್ಣ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಸಿಟ್ಟಿತ್ತು ಎಂದರೆ ಸುಳ್ಳಾಗುತ್ತದೆ. ಲೆನ್ಸಿನಲ್ಲಿ ಒಂದು ಚಕ್ರವನ್ನು ನೋಡುವ ಹಾಗೆ ನೋಡಿದರು.

"ನಾನು ಮಾಡಿದರೆ ಇವರೂ ಮಾಡಬೇಕಾಗುತ್ತದೆ," ಎಂದರು ನಿಧಾನವಾಗಿ. "ಬೇಡ. ಇವರ ಮನೆಯಲ್ಲಿ ಸಣ್ಣ ಮಗು ಉಂಟು."

ಅಲ್ಲಿದ್ದವರಿಗೆ ಆ ಮಾತು ಅರ್ಥವಾಗಲಿಲ್ಲ. ಪ್ರಮಾಣಕ್ಕೆ ಹೆದರಿದ ಎಂಬುದಷ್ಟೇ ಅವರಿಗೆ ಕಂಡದ್ದು. ನನಗೆ ಮಾತ್ರ ಪೂರ್ತಿ ಅರ್ಥವಾಯಿತು. ಸುಳ್ಳು ಪ್ರಮಾಣದ ಶಾಪ ನನ್ನ ಮಗಳಿಗೆ ತಟ್ಟಬಾರದೆಂದು ಆ ಮನುಷ್ಯ ತನ್ನ ಮಾನವನ್ನು ಬಿಟ್ಟುಕೊಟ್ಟರು. ಆಗಲೂ ನಾನು ಬಾಯಿ ತೆರೆಯಲಿಲ್ಲ. ಭಾವನ ಹಿಂದೆ ನಡೆದುಕೊಂಡು ಬಂದೆ.

ದೊಡ್ಡ ವಾಚ್ ಅಂಗಡಿಯವರು ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಮತ್ತೆ ಒಬ್ಬೊಬ್ಬರಾಗಿ ಎಲ್ಲರೂ. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು. ಬಸ್ಸಿಗೆ ಹೋಗಲು ನಾನು ಬೇರೆ ದಾರಿ ಹಿಡಿದೆ.

ಏಳೆಂಟು ವರ್ಷ ಕಳೆದ ಮೇಲೆ ಸಹೋದ್ಯೋಗಿಯೊಬ್ಬರ ಮನೆಯ ಮದುವೆಗೆಂದು ಕಾಪುವಿಗೆ ಹೋಗಿದ್ದೆ. ದೀಪಸ್ತಂಭದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಒಬ್ಬರು ಕೊಡೆಯ ಕಡ್ಡಿ ಕಟ್ಟುತ್ತಾ ಕುಳಿತಿದ್ದರು. ಬಗ್ಗಿದ ಬೆನ್ನನ್ನು ನೋಡಿಯೇ ಗುರುತು ಹಿಡಿದೆ. ದಾಟಿ ಹೋದೆ. ಸಮುದ್ರದವರೆಗೂ ಹೋಗಿ, ವಾಪಸು ಬಂದು ಅವರ ಎದುರು ನಿಂತೆ.

"ವಾಸಣ್ಣ, ಆ ವಾಚು ತೆರೆದದ್ದು ನಾನು."

ಅವರು ಕೊಡೆಯನ್ನು ಕೆಳಗಿಡಲಿಲ್ಲ. "ಗೊತ್ತುಂಟು ಮಾಸ್ಟ್ರೇ. ಅವತ್ತೇ ಗೊತ್ತಿತ್ತು."

"ಕ್ಷಮಿಸಬೇಕು..."

"ನನಗೆ ಹೇಳಿ ಎಂತ ಮಾಡುವುದು? ಗೊತ್ತಿಲ್ಲದವರಿಗೆ ಹೇಳಿ."

ಮಗಳು ಚೆನ್ನಾಗಿದ್ದಾಳಾ ಎಂದು ಕೇಳಿದರು. ಚೆನ್ನಾಗಿದ್ದಾಳೆ, ಮೂರನೆಯ ಕ್ಲಾಸು ಎಂದೆ. ಒಳ್ಳೆಯದಾಯಿತು ಎಂದರು.

ಮರುದಿನವೇ ಕಾರ್ಕಳಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಅಕ್ಕನಿಗೆ ಗಂಡನ ಮನೆಯಲ್ಲಿ ತಲೆ ತಗ್ಗಿಸುವಂತಾದರೆ — ಭಾವ ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತದಿದ್ದರೆ — ಇಂಥ ಲೆಕ್ಕಗಳಲ್ಲಿ ಎರಡು ಮಳೆಗಾಲ ಕಳೆದವು. ಎರಡನೆಯದರ ಕೊನೆಗೆ ವಾಸಣ್ಣ ತೀರಿಕೊಂಡ ಸುದ್ದಿ ಬಂತು.

ಆ ವಾರ ಕಾರ್ಕಳಕ್ಕೆ ಹೋದೆ. ಭಾವ ಕೆಲಸ ಬಿಟ್ಟು ಊರಿನಲ್ಲೇ ನೆಲೆಸಿದ್ದರು. ಜಗಲಿಯಲ್ಲಿ ಅಕ್ಕನ ಎದುರಿನಲ್ಲೇ ಎಲ್ಲವನ್ನೂ ಹೇಳಿದೆ.

"ಅವತ್ತೇ ಹೇಳಿದ್ದರೆ ನಾನು ಎಂತ ಮಾಡುತ್ತಿದ್ದೆ?" ಎಂದರು ಭಾವ. "ನಾಲ್ಕು ದಿನ ಬೈಯುತ್ತಿದ್ದೆ. ಅಷ್ಟೇ ಅಲ್ವಾ?"

ಅಷ್ಟೇ. ನಾಲ್ಕು ದಿನದ ಬೈಗುಳಕ್ಕೆ ಹೆದರಿ ನಾನು ಒಬ್ಬರ ಜೀವಮಾನದ ಕಸುಬನ್ನು ಕಿತ್ತುಕೊಂಡೆ. ಭಾವ ಎದ್ದು ಒಳಗೆ ಹೋದರು. ಅಕ್ಕ ನನ್ನ ಮುಖ ನೋಡದೆ ಕಾಫಿಯ ಲೋಟ ತಂದಿಟ್ಟಳು.

ಕಾರ್ಕಳದಿಂದ ಬಂದ ಬಸ್ಸು ಇಳಿದವನು ಮನೆಗೆ ಹೋಗಲಿಲ್ಲ. ಹತ್ತು ವರ್ಷದಿಂದ ತುಳಿಯದ ಆ ಓಣಿಗೆ ಹೋದೆ. ಲಿಗೋರಿಯವರು ಈಗ ದಪ್ಪ ಕನ್ನಡಕ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. "ಇಲ್ಲಿ ಪಕ್ಕದಲ್ಲಿ ವಾಸಣ್ಣ ಅಂತ ಇದ್ದರಲ್ಲ," ಎಂದೆ.

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಯೋಚಿಸಿದರು.

"ಯಾರು? ಆ ವಾಚಿನ ಪಾರ್ಟು ಕದಿಯುತ್ತಿದ್ದ ವಾಸುವಾ?"

"ಅಲ್ಲ," ಎಂದೆ. ಗಿರಾಕಿಗಳ ಬೆಂಚಿನ ಮೇಲೆ ಇಬ್ಬರು ಕುಳಿತಿದ್ದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದೆ.