ಸೋಮಾರಿ ನಾಲಿಗೆಯ ರಿಜಿಸ್ಟರು

ಆಸ್ಪತ್ರೆಯ ಹಿಂಬದಿಯಲ್ಲಿ, ಎಕ್ಸ್‌ರೇ ಕೋಣೆಗೂ ಔಷಧಿ ಕೊಡುವ ಕಿಟಕಿಗೂ ನಡುವೆ, ಹನ್ನೊಂದನೇ ನಂಬರಿನ ಕೋಣೆಯಿದೆ. ಅಲ್ಲಿ ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತವರು ನಾಲಿಗೆ ಟೀಚರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಗ್ಗುವ ಮಕ್ಕಳು, ತೊದಲುವ ಮಕ್ಕಳು, ರ ಹೇಳಲು ಹೋಗಿ ಲ ಹೇಳುವ ಮಕ್ಕಳು, ಎಲ್ಲರೂ ಅವರ ಹತ್ತಿರ ಬರಬೇಕು. ಒಂದು ಕೈಗನ್ನಡಿ, ಒಂದಿಷ್ಟು ಹತ್ತಿ, ಒಂದು ಕಟ್ಟು ಚಿತ್ರದ ಕಾರ್ಡು, ಒಂದು ಡಬ್ಬಿ ಸ್ಟ್ರಾ, ಇಷ್ಟೇ ಅವರ ಆಯುಧ. ಎಲುಬಿಲ್ಲದ ನಾಲಿಗೆ ಎತ್ತ ಬೇಕಾದರೂ ಹೊರಳುತ್ತದೆ ಅನ್ನುತ್ತಾರಲ್ಲ, ಟೀಚರ ಎದುರು ಹಾಗೆ ಹೊರಳುವ ಧೈರ್ಯ ಯಾವ ನಾಲಿಗೆಗೂ ಇರಲಿಲ್ಲ.

ಅವರು ಹೆಸರು ಮಾಡಿದ್ದು ‘ಸೋರುವ ಸ’ದಿಂದ. ಸ ಅನ್ನುವಾಗ ಗಾಳಿ ನಾಲಿಗೆಯ ನಡುವಿನಿಂದ ಹೊರಟು ಮುಂದಿನ ಹಲ್ಲಿಗೆ ತಾಗಬೇಕು. ಕೆಲವು ಮಕ್ಕಳಲ್ಲಿ ನಾಲಿಗೆಯ ತುದಿ ಲ ಹೇಳುವಾಗಿನ ಹಾಗೆ ಹಲ್ಲಿಗೆ ಅಂಟಿಕೊಂಡು, ಗಾಳಿ ಎರಡು ಪಕ್ಕದಿಂದ ಸೋರಿಹೋಗುತ್ತದೆ. ಕುಕ್ಕರಿನ ರಬ್ಬರು ಸಡಿಲವಾದ ಹಾಗೆ ಸದ್ದು. ಕಲ್ಲುಗಣಿಯ ಆಚೆ ಇರುವ ಕಣಿವೆಯಿಂದ ಪಟ್ಟಣದ ಶಾಲೆಗೆ ಬರುವ ಮಕ್ಕಳಲ್ಲಿ ಇದು ವಿಪರೀತ. ‘ತನ್ನ ಹೆಸರನ್ನೇ ಸರಿಯಾಗಿ ಹೇಳುವುದಿಲ್ಲ’ ಎಂದು ಶಾಲೆಯವರು ಚೀಟಿ ಬರೆದು ಕಳಿಸುತ್ತಿದ್ದರು. ಟೀಚರು ಮಗುವಿನ ಹಲ್ಲಿನ ಎದುರಿಗೆ ಸ್ಟ್ರಾ ಹಿಡಿದು, “ಇದರೊಳಗೇ ಊದು ಮರಿ, ಪಕ್ಕಕ್ಕೆ ಬಿಡಬೇಡ” ಅನ್ನುತ್ತಿದ್ದರು. ಮೂರು ತಿಂಗಳಲ್ಲಿ ಸೋರಿಕೆ ಬಂದ್. ಸ್ಟ್ರಾ ಮಗುವಿನ ಜೊತೆ ಮನೆಗೂ ಹೋಗುತ್ತಿತ್ತು, ಮನೆಯಲ್ಲೂ ಹಾಗೆ ಮಾತಾಡಕೂಡದು ಎಂಬ ಕಟ್ಟಪ್ಪಣೆಯ ಸಮೇತ.

ಈಗ ನಿವೃತ್ತಿಗೆ ಒಂದೇ ತಿಂಗಳು. ‘ಮುನ್ನೂರು ನಾಲಿಗೆ ತಿದ್ದಿದ ಟೀಚರಿಗೆ ಸನ್ಮಾನ’ ಎಂಬ ಬ್ಯಾನರು ಆಗಲೇ ಅಚ್ಚಾಗಿ ಬಂದು ಬೀರುವಿನ ಮೇಲೆ ಸುರುಳಿ ಸುತ್ತಿ ಮಲಗಿತ್ತು.

ಇಂಥವರನ್ನು ಬಿಟ್ಟು ಧ್ವನಿಪಟ್ಟಿಯ ಸಮಿತಿ ಮಾಡುವುದುಂಟೆ? ಕಣಿವೆಯ ಮಾತಿಗೆ ಅಲ್ಲಿಯವರೆಗೆ ಬರಹವೇ ಇರಲಿಲ್ಲ. ಅಲ್ಲಿನ ಮಕ್ಕಳಿಗೆ ಅವರ ಮಾತಿನಲ್ಲೇ ಮೊದಲ ಪುಸ್ತಕ ಮಾಡಬೇಕೆಂದು ಸರಕಾರ ಹೊರಟಿತ್ತು. ಪುಸ್ತಕಕ್ಕೆ ಮುಂಚೆ ಅಕ್ಷರ ಬೇಕು, ಅಕ್ಷರಕ್ಕೆ ಮುಂಚೆ ಆ ಮಾತಿನಲ್ಲಿ ಯಾವ ಯಾವ ವ್ಯಂಜನಗಳಿವೆ ಎಂಬ ಪಟ್ಟಿ ಬೇಕು. ಮೇಜಿನ ತುಂಬ ಹರಡುವಷ್ಟು ದೊಡ್ಡ ಹಾಳೆ, ಅದರಲ್ಲಿ ತುಟಿಯದು, ಹಲ್ಲಿನದು, ಗಂಟಲಿನದು ಎಂದು ಮನೆಗಳು. ಎಲ್ಲರೂ ಒಪ್ಪಿದ ಧ್ವನಿಯ ಗುರುತು ಮಸಿಯಲ್ಲಿ, ಒಪ್ಪದ್ದು ಪೆನ್ಸಿಲಿನಲ್ಲಿ. ಪೆನ್ಸಿಲು ಅಳಿಸಿದರೆ ಮುಗಿಯಿತು, ಆ ಧ್ವನಿಗೆ ಪುಸ್ತಕದಲ್ಲಿ ಜಾಗವಿಲ್ಲ.

ಸೋಮವಾರದ ಸಭೆಯ ಹೊತ್ತಿಗೆ ಇಪ್ಪತ್ತೆರಡು ಮಸಿಯಾಗಿದ್ದವು. ಒಂದೇ ಒಂದು ಪೆನ್ಸಿಲಿನಲ್ಲಿತ್ತು. ಇಂಗ್ಲಿಷಿನ ಉದ್ದನೆಯ ಎಲ್ ಅಕ್ಷರದ ಸೊಂಟಕ್ಕೆ ಕುಣಿಕೆ ಹಾಕಿದಂಥ ಗುರುತು. ಕಣಿವೆಯಲ್ಲಿ ಎರಡು ವರ್ಷ ಅಲೆದು ಮಾತು ಹಿಡಿದು ತಂದಿದ್ದ ಸಂಶೋಧಕಿ ಅದನ್ನು ಬರೆದಿದ್ದಳು. ಸಮಿತಿಯವರೆಲ್ಲ ಅವಳನ್ನು ಟೇಪಿನ ಹುಡುಗಿ ಅನ್ನುತ್ತಿದ್ದರು. ಅವಳು ಯಂತ್ರದ ಗುಂಡಿ ಒತ್ತಿದಳು. ಮುದುಕಿಯೊಬ್ಬಳ ದನಿ ಬಂತು. ಕುಕ್ಕರಿನ ಸದ್ದೂ ಬಂತು.

ಟೀಚರು ನಕ್ಕುಬಿಟ್ಟರು. “ಅಯ್ಯೋ, ಇದು ನನ್ನ ಹಳೇ ಗಿರಾಕಿ! ಇದು ಅಕ್ಷರ ಅಲ್ಲಮ್ಮ, ದೋಷ. ಆ ಅಜ್ಜೀನ ನನ್ನ ಹತ್ರ ಕಳಿಸು, ಮೂರು ತಿಂಗಳಲ್ಲಿ ಸರಿ ಮಾಡಿ ಕೊಡ್ತೀನಿ.”

ಎಲ್ಲರೂ ನಕ್ಕರು. ಸಮಿತಿಯ ಹಿರಿಯರಾದ ಪ್ರೊಫೆಸರು, ಟೀಚರೇ ಹೇಳಿದ ಮೇಲೆ ಇನ್ನೇನು ಎಂದು ರಬ್ಬರು ಕೈಗೆತ್ತಿಕೊಂಡರು.

“ಒಂದು ನಿಮಿಷ ಸರ್,” ಅಂದಳು ಹುಡುಗಿ. “ಮೇಡಂ, ಇನ್ನೊಬ್ಬರದು ಕೇಳಿ. ಎರಡೇ ಪದ.”

ಈ ಸಲ ಒಬ್ಬ ಮುದುಕ. ಮೊದಲನೆಯ ಮಾತಿನಲ್ಲಿ ಸ. ಗಾಜು ಒರೆಸಿಟ್ಟಷ್ಟು ಸ್ವಚ್ಛ. ಅದೇ ಉಸಿರಿನಲ್ಲಿ ಎರಡನೆಯ ಮಾತು, ಅದರಲ್ಲಿ ಸೋರಿಕೆ. ಮತ್ತೆ ಮೊದಲನೆಯದು, ಸ್ವಚ್ಛ. ಮತ್ತೆ ಎರಡನೆಯದು, ಸೋರಿಕೆ.

“ಅವರ ಮಾತಲ್ಲಿ ಮೊದಲನೇದು ಬೂದಿ, ಎರಡನೇದು ಹಾಲು. ಆ ಒಂದು ಸದ್ದು ಬಿಟ್ರೆ ಎರಡೂ ಒಂದೇ,” ಅಂದಳು ಹುಡುಗಿ. “ನಾಲಿಗೇಲಿ ದೋಷ ಇದ್ರೆ ಬೂದಿ ಅನ್ನೋವಾಗ್ಲೂ ಸೋರಬೇಕಲ್ವಾ ಮೇಡಂ?”

ಟೀಚರು ನಗು ನಿಲ್ಲಿಸಿದರು. ಸೋರಬೇಕು. ಹೌದು, ಸೋರಲೇಬೇಕು. ಕೆಟ್ಟ ನಲ್ಲಿ ತನಗಿಷ್ಟ ಬಂದಾಗ ಮಾತ್ರ ಸೋರುವುದಿಲ್ಲ. ಇದನ್ನು ಯಾರೂ ಅವರಿಗೆ ಕಲಿಸಬೇಕಾಗಿರಲಿಲ್ಲ, ಅವರೇ ನಾಲ್ಕು ಜನಕ್ಕೆ ಕಲಿಸಿದವರು. ಯಂತ್ರದ ಮೇಲೇ ಕಣ್ಣಿಟ್ಟು ಮುಂದಿದ್ದ ನೀರಿನ ಲೋಟ ಎತ್ತಲು ಹೋಗಿ ನೀರನ್ನು ಹಾಳೆಯ ಮೇಲೆಯೇ ಚೆಲ್ಲಿದರು.

ಪಠ್ಯಪುಸ್ತಕದ ಅಧಿಕಾರಿಗೆ ಇದೆಲ್ಲ ಬೇಕಿರಲಿಲ್ಲ. “ನಿಯಮ ನಿಯಮಾನೇ. ಕನಿಷ್ಠ ಐದು ಊರಿನ ಸಾಕ್ಷಿ ಬೇಕು. ನಿಮ್ಮ ಹತ್ರ ಇರೋದು ಒಂದೇ ಊರಿನ ಮೂರು ಜನ, ಅವರಿಗೂ ಹಲ್ಲಿಲ್ಲ. ಬೇರೆ ಊರಲ್ಲಿ ಯಾಕೆ ಸಿಗಲಿಲ್ಲ?”

“ಬೇರೆ ಊರಲ್ಲಿ ಯಂತ್ರ ಕಂಡ್ರೆ ಬಾಯಿ ಮುಚ್ಕೋತಾರೆ ಸರ್. ಅದು ಕಾಯಿಲೆ, ಪಟ್ಟಣದ ಆಸ್ಪತ್ರೇಲೇ ಹೇಳಿದ್ದಾರೆ, ನಾವು ಬಿಟ್ಟುಬಿಟ್ಟಿದ್ದೀವಿ ಅಂತಾರೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಟೀಚರು ತಮ್ಮ ಕೈಚೀಲ ಮುಟ್ಟಿಕೊಂಡರು. ಅದರಲ್ಲಿ ಸ್ಟ್ರಾ ಇದ್ದವು. ಯಾರೂ ಅವರ ಕಡೆ ನೋಡಲಿಲ್ಲ. ಶುಕ್ರವಾರದೊಳಗೆ ಸಾಕ್ಷಿ ತರದಿದ್ದರೆ ಅಳಿಸುವುದು ಎಂದು ಸಭೆ ಮುಗಿಯಿತು.

ಮರುದಿನ ಬೆಳಿಗ್ಗೆ ಟೀಚರು ಹನ್ನೊಂದನೇ ನಂಬರಿಗೆ ಒಳಗಿನಿಂದ ಚಿಲಕ ಹಾಕಿ ಬೀರು ತೆಗೆದರು. ಹದಿನಾಲ್ಕು ರಿಜಿಸ್ಟರು. ಮಗುವಿನ ಹೆಸರು, ಊರು, ಯಾವ ಕಾರ್ಡಿನಲ್ಲಿ ತಪ್ಪು, ಯಾವುದರಲ್ಲಿ ಸರಿ, ಎಲ್ಲ ಅವರದೇ ದುಂಡು ಅಕ್ಷರದಲ್ಲಿ. ಒಂದೊಂದೇ ಹಾಳೆ ತಿರುಗಿಸುತ್ತ ಹೋದರು. ಕಣಿವೆಯ ಮಕ್ಕಳು ಹಾಲಿನ ಕಾರ್ಡಿಗೆ ಮನೆಯ ಮಾತನ್ನೇ ಹೇಳಿದ್ದರು, ಎಲ್ಲರೂ ಅಲ್ಲೇ ಸೋರಿದ್ದರು. ಒಲೆಯ ಕಾರ್ಡು ತೋರಿಸಿದರೆ ಬೂದಿ ಅಂದವರು ಒಬ್ಬರೂ ಸೋರಿರಲಿಲ್ಲ. ಇಪ್ಪತ್ತಾರು ವರ್ಷ, ಏಳು ಊರು, ಅದೇ ಕಾರ್ಡು, ಅದೇ ಜಾಗ! ಕಡೆಯ ಕಾಲಮ್ಮಿನಲ್ಲಿ ಟೀಚರ ಷರಾ: ‘ಕೆಲವೆಡೆ ಸರಿ, ಕೆಲವೆಡೆ ತಪ್ಪು. ಸೋಮಾರಿ ನಾಲಿಗೆ.’ ಅದರ ಪಕ್ಕ ಕೆಂಪು ಶಾಯಿಯ ಗೀಟು, ಗುಣವಾಗಿದೆ ಎಂದು.

ಎಣಿಸಿದರು. ಮುನ್ನೂರ ಹದಿನೆಂಟು. ಅಷ್ಟು ಮಕ್ಕಳು ಸ್ಟ್ರಾ ಹಿಡಿದುಕೊಂಡು ಮನೆಗೆ ಹೋಗಿ, ಟೀಚರು ಕಲಿಸಿದ ಸ್ವಚ್ಛ ಸ ಹೇಳಿ, ಅಮ್ಮನ ಹತ್ತಿರ ಒಂದು ಲೋಟ ಬೂದಿ ಕೇಳಿದ್ದರು.

ಟೀಚರು ರಿಜಿಸ್ಟರು ಮುಚ್ಚಿದರು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಅವರು ಚಿಲಕ ತೆಗೆಯಲಿಲ್ಲ.

ಟೀಚರ ಗಂಡ ಗಡಿಯಾರ ರಿಪೇರಿಯವರು. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೆಂಡತಿಯ ಮಾತು ಕೇಳುವುದು ಅವರ ಅಭ್ಯಾಸ. ಸಮಿತಿಯ ಸುದ್ದಿ ಬಂದಾಗಲೆಲ್ಲ “ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋ ಕೆಲಸ ನಿಮ್ದು” ಎಂದು ಗೇಲಿ ಮಾಡುತ್ತಿದ್ದವರು, ಅವತ್ತು ಎಲ್ಲ ಕೇಳಿ ಭೂತಗನ್ನಡಿ ತೆಗೆದು ಕೆಳಗಿಟ್ಟರು.

“ಆ ರಿಜಿಸ್ಟರು ಯಾರಾದ್ರೂ ಕೇಳಿದ್ದಾರಾ?”

“ಇಲ್ಲ ರೀ. ಅದು ಇದೆ ಅಂತ್ಲೇ ಯಾರಿಗೂ ಗೊತ್ತಿಲ್ಲ.”

“ಮತ್ತೆ? ಇನ್ನೊಂದು ತಿಂಗಳು ಕಣೇ. ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೋತೀಯಾ? ಬೇಕು ಅಂತ ಮಾಡಿದ್ಯಾ ನೀನು?”

“ಬೇಕು ಅಂತ ಮಾಡಿದ್ರೆ ಮುನ್ನೂರ ಹದಿನೆಂಟು ಮಾಡೋಕಾಗ್ತಿತ್ತಾ?” ಅಂದರು ಟೀಚರು. ಅಂದ ಮೇಲೆ ಅಳು ಬಂತು. ಗಂಡ ಕೆಟ್ಟುನಿಂತ ಗಡಿಯಾರವೊಂದಕ್ಕೆ ಸುಮ್ಮನೆ ಕೀಲಿ ಕೊಡುತ್ತ ಕೂತರು.

ಬುಧವಾರ ಟೀಚರು ಬೇಕರಿಗೆ ಹೋದರು. ಬೇಕರಿಯವನು ಅವರ ಕೈಯಲ್ಲಿ ಪಳಗಿದ ಮೊದಲ ಕಣಿವೆಯ ಹುಡುಗ. ಏಳನೇ ವಯಸ್ಸಿನಲ್ಲಿ ಬಂದವನಿಗೆ ಈಗ ಮೂವತ್ಮೂರು. ಸನ್ಮಾನದ ದಿನ ಕೇಕು ಅವನದೇ, ಮಾತಾಡುವವನೂ ಅವನೇ. ಹನ್ನೊಂದನೇ ನಂಬರಿನ ಗೋಡೆಯ ಮೇಲೆ ಅವನ ಫೋಟೋ ಇದೆ, ಸ್ಟ್ರಾ ಬಾಯಲ್ಲಿಟ್ಟುಕೊಂಡು ನಗುತ್ತಿರುವುದು.

ಟೀಚರನ್ನು ಕಂಡೊಡನೆ ಕೈಗಂಟಿದ ಹಿಟ್ಟು ಒರೆಸಿಕೊಂಡು ಓಡಿಬಂದ. “ಬನ್ನಿ ಟೀಚರ್, ಬನ್ನಿ! ಕೇಕಿನ ಮೇಲೆ ಏನು ಬರೀಲಿ?”

“ಅದಿರಲಿ. ನಿಮ್ಮ ಮಾತಲ್ಲಿ ಹಾಲು ಅನ್ನು ನೋಡೋಣ, ಮೊದಲು ಹೇಳ್ತಿದ್ದ ಹಾಗೆ.”

ಅವನು ಹೇಳಿದ. ಗಾಜಿನಂಥ ಸ. ಇನ್ನೊಮ್ಮೆ ಹೇಳಿದ, ಅದೇ. ನಾಚಿ ನಕ್ಕ. “ಬರಲ್ಲ ಟೀಚರ್. ನೀವು ಅಷ್ಟು ಗಟ್ಟಿಯಾಗಿ ಮುಚ್ಚಿದ್ದೀರಿ!”

ಹೊಗಳಿಕೆಯೆಂದೇ ಅವನು ಹೇಳಿದ್ದು. ಪಾಪ, ಅವನಿಗೇನು ಗೊತ್ತು! ಟೀಚರಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು.

“ಈಗ ಬಂದಿದ್ರೆ ಚೆನ್ನಾಗಿತ್ತು,” ಅವನು ಬ್ರೆಡ್ಡು ಕಟ್ಟುತ್ತ ಅಂದ. “ಅಮ್ಮನಿಗೆ ಮರೆವು ಬಂದಿದೆ ಟೀಚರ್. ಪಟ್ಟಣದ ಮಾತು ಪೂರ್ತಿ ಹೋಯ್ತು, ನಮ್ಮ ಮಾತೊಂದೇ ಉಳಿದಿದೆ. ನನ್ನ ಗುರುತು ಹತ್ತಲ್ಲ. ಊಟ ತಗೊಂಡು ಹೋದ್ರೆ ನೀನ್ಯಾರಪ್ಪ ಅಂತಾಳೆ. ಹೆಸರು ಹೇಳ್ತೀನಿ. ಅದು ನನ್ನ ಮಗನ ಹೆಸರಲ್ಲ ಅಂತಾಳೆ. ನನ್ನ ಹೆಸರಲ್ಲಿ ಮೊದಲಿಗೇ ಆ ಅಕ್ಷರ ಇದೆಯಲ್ಲ, ನನಗೆ ಬರಲ್ಲ. ನನ್ನ ಮಗ ಬರಲಿ, ಆಮೇಲೆ ಉಣ್ತೀನಿ ಅಂತ ತಟ್ಟೆ ತಳ್ಳಿಬಿಡ್ತಾಳೆ.”

ಟೀಚರು ಕೌಂಟರಿನ ಅಂಚು ಹಿಡಿದುಕೊಂಡರು.

“ಟೀಚರ್? ಏನಾಯ್ತು? ನೀರು ಕೊಡ್ಲಾ?”

“ನಿನಗೆ ನನ್ನ ಮೇಲೆ ಸಿಟ್ಟು ಬರಲ್ವೇನೋ?”

“ನಿಮ್ಮ ಮೇಲಾ?” ಅವನು ನಿಜವಾಗಿಯೂ ಬೆರಗಾಗಿದ್ದ. “ನಾಲಿಗೆ ಕೆಟ್ಟಿದ್ದು ನಂದಲ್ವಾ ಟೀಚರ್?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ‘ನಿನ್ನ ನಾಲಿಗೆ ಕೆಟ್ಟಿದೆ’ ಎಂಬ ಮಾತನ್ನು ಟೀಚರು ಏಳು ವರ್ಷದ ಹುಡುಗನಿಗೆ ಒಂದೇ ಒಂದು ಸಲ ಆಡಿದ್ದರು. ಅವನು ಇನ್ನೂ ಅದನ್ನು ನಂಬಿಕೊಂಡು ಬ್ರೆಡ್ಡು ಸುಡುತ್ತಿದ್ದ.

ಶುಕ್ರವಾರ ಟೀಚರು ಸಮಿತಿಯ ಕೋಣೆಗೆ ಬಂದಾಗ ಗಂಡ ಹಿಂದೆಯೇ ಇದ್ದರು, ಹದಿನಾಲ್ಕು ರಿಜಿಸ್ಟರು ಹೊತ್ತುಕೊಂಡು. ಮೇಜಿನ ಮೇಲೆ ಇಳಿಸಿ, ಬೆವರು ಒರೆಸಿಕೊಂಡು, ಅವರೂ ಅಲ್ಲೇ ಗೋಡೆಗೆ ಒರಗಿ ನಿಂತರು.

“ಐದು ಊರಿನ ಸಾಕ್ಷಿ ಕೇಳಿದ್ರಿ,” ಅಂದರು ಟೀಚರು. “ಏಳು ಊರಿಂದಿದೆ. ಮುನ್ನೂರ ಹದಿನೆಂಟು ಜನ. ಯಾವ ಪದದಲ್ಲಿ ಸ, ಯಾವ ಪದದಲ್ಲಿ ಆ ಧ್ವನಿ, ಎಲ್ಲಾ ಬರೆದಿದೆ. ಸೋಮವಾರ ನಾನು ಹೇಳಿದ್ದು ತಪ್ಪು. ಅದು ದೋಷ ಅಲ್ಲ. ಅದು ಅವರ ಅಕ್ಷರ.”

ಟೇಪಿನ ಹುಡುಗಿ ಮೊದಲ ರಿಜಿಸ್ಟರು ಬಿಡಿಸಿದಳು. ಹಾಲು, ಬೂದಿ, ಹಾಲು, ಬೂದಿ. ಬೆರಳು ಜಾರಿಸುತ್ತ ಕಡೆಯ ಕಾಲಮ್ಮಿಗೆ ಬಂದಳು. ಅವಳ ಮುಖದಲ್ಲಿ ಸಂತೋಷ ಬರುತ್ತಿದ್ದದ್ದು ಅಲ್ಲೇ ನಿಂತುಹೋಯಿತು. “ಮೇಡಂ... ಈ ಕೆಂಪು ಗೀಟು?”

“ಗುಣ ಮಾಡಿದ್ದೀನಿ ಅಂತ.”

“ಎಷ್ಟು ಜನಕ್ಕೆ?”

“ಎಲ್ಲರಿಗೂ.”

ಪಠ್ಯಪುಸ್ತಕದ ಅಧಿಕಾರಿ, ಅಷ್ಟು ಬಿಗಿಯ ಮನುಷ್ಯ, ಮೆಲ್ಲಗೆ ಅಂದರು: “ಟೀಚರ್, ಇದನ್ನ ಕಡತಕ್ಕೆ ಸೇರಿಸಿದ್ರೆ ಎಲ್ಲರೂ ಓದ್ತಾರೆ. ಯೋಚನೆ ಮಾಡಿ. ಮುಂದಿನ ತಿಂಗಳು ನಿಮ್ಮ ಸನ್ಮಾನ.”

“ಸೇರಿಸಿ,” ಅಂದರು ಟೀಚರು.

ಪ್ರೊಫೆಸರು ಪೆನ್ಸಿಲಿನ ಗುರುತಿನ ಮೇಲೆ ಮಸಿ ಎಳೆದರು. ಸೋಮವಾರ ನೀರು ಚೆಲ್ಲಿದ ಜಾಗ ಅದು, ಕಾಗದ ಉಬ್ಬಿತ್ತು. ಮಸಿ ಸ್ವಲ್ಪ ಹರಡಿಕೊಂಡಿತು. ಇಪ್ಪತ್ಮೂರನೆಯ ವ್ಯಂಜನ.

ಸನ್ಮಾನ ನಡೆಯಲಿಲ್ಲ. ಬ್ಯಾನರನ್ನು ಗಂಡ ಅಂಗಡಿಯ ಕಿಟಕಿಗೆ ಬಿಸಿಲಿನ ಪರದೆ ಮಾಡಿಕೊಂಡರು, ಅಕ್ಷರ ಒಳಗಡೆಗೆ. ಟೀಚರು ಮಾತ್ರ ದಿನಾ ಸಂಜೆ ಬೇಕರಿಯ ಹಿಂದಿನ ಮನೆಗೆ ಹೋಗತೊಡಗಿದರು. ಯಾವ ದಾರಿ ಮುಚ್ಚಿದ್ದೆಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಅದೇ ಕೈಗನ್ನಡಿ, ಅದೇ ಸ್ಟ್ರಾ. ಆದರೆ ಸ್ಟ್ರಾ ಈಗ ಹಲ್ಲಿನ ಎದುರಿಗಲ್ಲ, ಬಾಯಿಯ ಮೂಲೆಗೆ.

“ಲ ಅನ್ನೋ ಹಾಗೆ ನಾಲಿಗೆ ಇಡು. ಈಗ ದನಿ ಬೇಡ, ಉಸಿರು ಮಾತ್ರ. ಪಕ್ಕಕ್ಕೇ ಬಿಡು ಮರಿ, ಸೋರಲಿ.”

ಒಂಟಿ ಸದ್ದು ಎರಡನೇ ದಿನವೇ ಬಂತು. ಹೆಸರಿನೊಳಗೆ ಕೂರಿಸಲು ಹೋದರೆ ಹಾಳು ಸ ನುಗ್ಗಿಬರುತ್ತಿತ್ತು. ಹನ್ನೆರಡನೆಯ ಸಂಜೆ, ಬೇಕರಿಯವನು ತಟ್ಟೆ ಹಿಡಿದು ಅಮ್ಮನ ಮಂಚದ ಬಳಿ ಕೂತ. ಟೀಚರು ಬಾಗಿಲಲ್ಲಿ ನಿಂತಿದ್ದರು. ಅಮ್ಮ ದಿನದ ಹಾಗೆಯೇ ಏನೋ ಕೇಳಿದಳು. ಅವನು ಕಣ್ಣು ಮುಚ್ಚಿ, ನಾಲಿಗೆ ಹಲ್ಲಿಗಿಟ್ಟು, ತನ್ನ ಹೆಸರು ಹೇಳಿದ. ಕೆನ್ನೆಯ ಎರಡು ಪಕ್ಕದಿಂದ ಗಾಳಿ ಸೋರಿತು.

ಮುದುಕಿ ತಟ್ಟನೆ ತಲೆ ಎತ್ತಿದಳು. ಅವನ ಕಿವಿ ಹಿಡಿದು ಹಿಂಡಿ, ಗಟ್ಟಿ ದನಿಯಲ್ಲಿ ಬೈಯುತ್ತ, ಇನ್ನೊಂದು ಕೈಯಿಂದ ತಟ್ಟೆ ಎಳೆದುಕೊಂಡಳು.

ಕಣಿವೆಯ ಮಾತು ಟೀಚರಿಗೆ ಬಾರದು. “ಏನಂತಿದ್ದಾರೋ?” ಅಂದರು.

ಬೇಕರಿಯವನು ಹಿಂಡಿದ ಕಿವಿ ಸವರಿಕೊಂಡ. “ಶಾಲೆ ಬಿಟ್ಟು ಎಷ್ಟು ಹೊತ್ತಾಯ್ತು, ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ ಅಂತ ಕೇಳ್ತಿದ್ದಾಳೆ.”

ಟೀಚರು ಹೊಸ್ತಿಲ ಮೇಲೆಯೇ ಕೂತರು. ಒಳಗೆ ಮುದುಕಿ ಉಣ್ಣುವ ಸದ್ದು ಕೇಳುತ್ತಿತ್ತು. ತಟ್ಟೆ ಖಾಲಿಯಾಗುವವರೆಗೂ ಅವರು ಏಳಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಕೈಚೀಲದಿಂದ ಮೊದಲ ರಿಜಿಸ್ಟರಿನ ನಕಲು ತೆಗೆದು, ಅವನ ಹೆಸರಿನ ಮುಂದಿನ ಕೆಂಪು ಗೀಟನ್ನು ಹೊಡೆದುಹಾಕಿದರು. ಅದರ ಕೆಳಗಿನ ಸಾಲಿಗೆ ಬೆರಳಿಟ್ಟು ಅವನನ್ನು ಕರೆದರು.

“ಇಲ್ಲಿ ಬಾ. ಈ ಹುಡುಗಿ ನಿಮ್ಮ ಪಕ್ಕದ ಊರಿನವಳು, ನಿನ್ನ ಜೊತೇಲೇ ಬರ್ತಿದ್ಲು. ಈಗ ಎಲ್ಲಿದ್ದಾಳೆ, ಗೊತ್ತಾ?”