ದೊಡ್ಡವ್ವ ಇಟ್ಟುಕೊಂಡ ಹಗ್ಗಗಳು

ಕತ್ತಾಳೆ ನಾರಿನ ಹಗ್ಗ ಹಳೆಯದಾದರೆ ಅದಕ್ಕೊಂದು ವಾಸನೆ ಬರುತ್ತದೆ. ಕುರಿಯ ಮೈಯ ಜಿಡ್ಡು, ಒಲೆಯ ಹೊಗೆ, ಕೊಟ್ಟಿಗೆಯ ಗಂಜಲ ಎಲ್ಲ ಕಲೆತು ಒಣಗಿದ ವಾಸನೆ. ಮಸ್ಕತ್ತಿನ ತರಕಾರಿ ಮಂಡಿಯಲ್ಲಿ ಮೂಟೆ ಬಿಚ್ಚುವಾಗ ಅಂಥದೇ ಏನೋ ಒಂದು ಮೂಗಿಗೆ ತಾಕಿ, ಗಳಿಗೆ ಹೊತ್ತು ಕೈ ನಿಂತುಬಿಡುತ್ತಿತ್ತು. ಅಲ್ಲಿನ ಅಂಗಡಿಯನ್ನು ಬಿಟ್ಟುಕೊಟ್ಟು ಊರಿಗೇ ಬಂದುಬಿಟ್ಟ ಮೇಲೆ, ಕಳೆದ ಬೇಸಿಗೆಯಲ್ಲಿ, ಆ ವಾಸನೆ ನಿಜವಾಗಿಯೇ ಎದುರಾಯಿತು. ಬಂಡೂರಿನ ಪಕ್ಕದ ಹಳ್ಳಿಯಲ್ಲಿ ನಾನು ಬೆಳೆದ ತೊಟ್ಟಿಮನೆಯನ್ನು ದೊಡ್ಡವ್ವನ ಮಗ ಪುಟ್ಟಸ್ವಾಮಿ ಬಿಚ್ಚಿಸುತ್ತಿದ್ದ. ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಏಳಬೇಕಿತ್ತು. ಅದರಲ್ಲಿ ಅವನ ತಪ್ಪೇನೂ ಇಲ್ಲ. ಗೆದ್ದಲು ತಿಂದ ಸೂರಿನ ಕೆಳಗೆ ಯಾರು ಮಲಗುತ್ತಾರೆ? ಹಳೆಯ ಮರಮುಟ್ಟು ಕೊಳ್ಳಲು ಮದ್ದೂರಿನಿಂದ ವ್ಯಾಪಾರಿಯೊಬ್ಬ ಬರುತ್ತಾನೆ, ನೀನು ನಿಂತು ಮಾತಾಡು, ನನಗೆ ಬಾಯಿ ಸಾಲದು ಅಂತ ಅವನು ಹೇಳಿ ಕಳಿಸಿದ್ದ. ಹೋದೆ.

ದೊಡ್ಡವ್ವ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಹೆತ್ತವ್ವನ ಮುಖ ನನಗೆ ನೆನಪಿಲ್ಲ, ಸಾಕಿದವಳು ಇವಳೇ. ಗಂಡಸರು ಗದ್ದೆ ನೋಡಿಕೊಂಡರೆ ಇವಳು ಎಳಗ ಸಾಕುತ್ತಿದ್ದಳು. ಬಂಡೂರು ಕುರಿಗೆ ನಮ್ಮ ಕಡೆ ಹೇಳುವುದೇ ಹಾಗೆ. ಕಾಲು ಗಿಡ್ಡ, ಮೈ ದುಂಡಗೆ, ಹಿಂದಿನಿಂದ ನೋಡಿದರೆ ಮಡಕೆ ಕವುಚಿದ ಹಾಗೆ. ಹುರುಳಿ ನುಚ್ಚು, ಹಲಸಿನ ಸೊಪ್ಪು ಹಾಕಿ ಅವನ್ನು ಹಜಾರದ ಪಕ್ಕದಲ್ಲೇ ಕಟ್ಟುತ್ತಿದ್ದಳು. ರಾತ್ರಿ ಅವು ಮೆಲುಕು ಹಾಕುವ ಸದ್ದಿಗೇ ನನಗೆ ನಿದ್ದೆ ಹತ್ತುತ್ತಿತ್ತು. ಬಕ್ರೀದ್ ಹತ್ತಿರವಾದರೆ ಮೈಸೂರಿನಿಂದ ಕೊಳ್ಳುವವರು ಬರುವರು. ದೊಡ್ಡವ್ವ ಬಾಗಿಲಲ್ಲಿ ಕೂತು ಎಲೆಯಡಿಕೆ ಜಗಿಯುತ್ತ, ಮಾರುವ ಮನಸ್ಸೇ ಇಲ್ಲದವಳ ಹಾಗೆ ರಸ್ತೆ ನೋಡುತ್ತಿದ್ದಳು. ಬಂದವರೇ ಬೆವರಬೇಕು. ಅವರು ಹೋದ ಮೇಲೆ ನನ್ನ ಕಿವಿ ಹಿಡಿದು, “ಬೇಕು ಅನ್ನದು ಮಕದಲ್ಲಿ ಕಾಣ್ಬಾರ್ದು ಕಣ್ಲಾ ಮಾದೇವ. ಕಂಡ್ರೆ ಕೆಟ್ಟೆ,” ಅನ್ನುವಳು. ಮಸ್ಕತ್ತಿನಲ್ಲಿ ನಾನು ಕೂಲಿಯಿಂದ ಅಂಗಡಿಯವನಾದದ್ದು ಈ ಒಂದು ಮಾತಿನಿಂದ. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ಈಗಲೂ ಅದನ್ನೇ ಹೇಳುತ್ತೇನೆ.

ಅವಳದ್ದು ಇನ್ನೊಂದು ಕಟ್ಟುನಿಟ್ಟು ಇತ್ತು. ಕುರಿ ಮಾರಿದರೆ ಕೊರಳ ಹಗ್ಗವನ್ನು ಮಾತ್ರ ಕೊಡುತ್ತಿರಲಿಲ್ಲ. ಕೊಂಡವನು ತನ್ನ ಹಗ್ಗ ತರಬೇಕು. ನಮ್ಮದನ್ನು ಬಿಚ್ಚಿ ಅವಳು ಹಜಾರದ ಗೂಟದ ಹಲಗೆಗೆ ನೇತು ಹಾಕುವಳು. ಹಗ್ಗ ಮನೆಯಲ್ಲಿದ್ದರೆ ಅದನ್ನು ಹುಡುಕಿಕೊಂಡು ಇನ್ನೊಂದು ಬರುತ್ತದೆ ಅನ್ನುವ ನಂಬಿಕೆ. ನಮ್ಮ ಸೀಮೆಯಲ್ಲಿ ಹಸು ಎತ್ತು ಮಾರುವವರೂ ಹೀಗೇ ಮಾಡುತ್ತಿದ್ದರು. ಆ ಹಲಗೆಯ ಕೆಳಗೆ ಕೂತು ನಾನು ಸಡಿಲ ಉಡಿದಾರದಲ್ಲಿ ಜೋಲುತ್ತಿದ್ದ ತಾಮ್ರದ ತಾಯಿತವನ್ನು ಬಗ್ಗಿ ಬಾಯಿಗೆಳೆದು ಕಚ್ಚುತ್ತಿದ್ದೆ. ತಾಯಿತದ ತುಂಬ ನನ್ನ ಹಾಲುಹಲ್ಲಿನ ಗುರುತು ಬಿದ್ದಿತ್ತು.

ಮಸ್ಕತ್ತಿಗೆ ಹೊರಟ ಬೆಳಿಗ್ಗೆ ಅವಳು ನನಗೆ ಎಣ್ಣೆನೀರು ಹಾಕಿಸಿ, ಹಳೆಯ ಉಡಿದಾರವನ್ನು ತಾಯಿತದ ಸಮೇತ ಕತ್ತರಿಸಿ ತೆಗೆದು ಹೊಸದು ಕಟ್ಟಿದಳು. ಹೊಸ ಊರಿಗೆ ಹೊಸ ದಾರ ಇರಲಿ ಅಂದಳು, ಅಷ್ಟೇ. ಊರವರೆಲ್ಲ ಬಸ್ಸಿನ ತನಕ ಬಂದರು, ಒಂದಿಬ್ಬರು ಅತ್ತರು. ದೊಡ್ಡವ್ವ ಮಾತ್ರ ಬಾಗಿಲಲ್ಲಿ ಕೂತು, ಮೈಸೂರಿನವರು ಬಂದಾಗ ನೋಡುತ್ತಿದ್ದ ಹಾಗೇ ರಸ್ತೆ ನೋಡುತ್ತಿದ್ದಳು. ಯಾವಾಗ ಬರುತ್ತೀಯ ಅಂತ ಕೂಡ ಕೇಳಲಿಲ್ಲ. ಅದು ನನ್ನೊಳಗೆ ಮುಳ್ಳಾಗಿ ಉಳಿಯಿತು. ಸ್ವಂತ ಮಗನಾಗಿದ್ದರೆ ಕೇಳುತ್ತಿದ್ದಳು ಅಂತ ಸಮುದ್ರದ ಆಚೆ ಕೂತು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಡುವೆ ಬಂದಾಗಲೂ ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ಅವಳೇ ಹೋಗಿಬಿಟ್ಟಳು. ಸುದ್ದಿ ಫೋನಿನಲ್ಲಿ ಬಂತು. ನಾನು ಬರುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಮದ್ದೂರಿನ ವ್ಯಾಪಾರಿ ಪಳಗಿದ ಆಸಾಮಿ. ಕಂಬ ತಟ್ಟಿ ಸಪ್ಪೆ ಮುಖ ಮಾಡುವನು, ಬಾಗಿಲು ಮುಟ್ಟಿ ಗೆದ್ದಲು ಅನ್ನುವನು. ನಾನೂ ರಸ್ತೆ ನೋಡುತ್ತ ಕೂತೆ. ಕಂಬ, ತೊಲೆ, ಬಾಗಿಲು ಎಲ್ಲ ಒಟ್ಟಿಗೆ ಅಂತ ಮಾತು ಕುದುರಿತು, ನಮ್ಮ ಕಡೆಗೇ ಲಾಭವಾಗಿ. ಆಗ ಅವನ ಆಳು ಹಲಗೆಯನ್ನು ಕಿತ್ತು ಎತ್ತಿದ. ಹಗ್ಗಗಳು ತೂಗಾಡಿದವು. ಆ ವಾಸನೆ ಬಂತು. ಹಗ್ಗಗಳ ನಡುವೆ, ಅವುಗಳ ಹಾಗೇ ಗಂಟು ಹಾಕಿಸಿಕೊಂಡು, ಒಂದು ಕಪ್ಪು ದಾರ ಇತ್ತು. ತುದಿಯಲ್ಲಿ ನನ್ನ ಹಲ್ಲಿನ ಗುರುತಿನ ತಾಯಿತ.

ನನ್ನ ಮುಖ ಏನಾಯಿತೋ, ವ್ಯಾಪಾರಿ ಅದನ್ನು ಓದಿಬಿಟ್ಟ. ಹಲಗೆಯ ಮೇಲೆ ಕೈ ಊರಿ, ಇದು ಹೊನ್ನೆ ಮರ, ಒಟ್ಟು ಮಾತಿನಲ್ಲಿ ಸೇರಿದೆ, ಬಿಡುವುದಿಲ್ಲ ಅಂದ. ಪುಟ್ಟಸ್ವಾಮಿ ನಕ್ಕ. “ಏನ್ಲಾ, ಮಸ್ಕತ್ತಲ್ಲಿ ಯಾಪಾರ ಮಾಡ್ದೋನು ಹಿಂಗ್ ಸಿಕ್ಕಾಕಂಡೆ?”

ನನ್ನ ಬಾಯಿಗೆ ಬಂದ ಮಾತು ನನ್ನದೇ ಅಲ್ಲ, ಬಾಗಿಲಲ್ಲಿ ಕೂರುತ್ತಿದ್ದವಳದು. “ಮರ ನಿಮ್ದು ತಕಳಿ. ಅಗ್ಗ ನಮ್ದು. ಮಾರ್ದೋರು ಅಗ್ಗ ಕೊಡಕಿಲ್ಲ.”

ವ್ಯಾಪಾರಿ ಹಗ್ಗಗಳನ್ನು ಈಗ ನೋಡಿದ. ಹಲಗೆಯಿಂದ ಕೈ ತೆಗೆದ. “ಅದ್ ಕೇಳಂಗೇ ಇಲ್ಲ ಬುಡಿ ಸ್ವಾಮಿ. ನಮ್ಮವ್ವನೂ ಕೊಡ್ತಿರ್ನಿಲ್ಲ,” ಅಂದು, ಒಂದೊಂದನ್ನೇ ಗೂಟದಿಂದ ಬಿಚ್ಚಿ ಎರಡೂ ಕೈಯಲ್ಲಿ ನನಗೆ ಕೊಟ್ಟ.

ನೀವೂ ಹೊರದೇಶದಿಂದ ಮರಳುವವರಾದರೆ ಒಂದು ಮಾತು ಹೇಳುತ್ತೇನೆ. ಮನೆ ಉಳಿದಿದೆಯಾ ಅಂತ ನೋಡಬೇಡಿ, ಉಳಿದಿರುವುದಿಲ್ಲ. ನಿಮ್ಮನ್ನು ಕಳಿಸುವಾಗ ಏನೂ ಆಗದವರಂತೆ ಕೂತಿದ್ದವರು ಯಾರು, ಅದನ್ನು ನೆನಪಿಸಿಕೊಳ್ಳಿ. ಸಾಧ್ಯವಿದ್ದರೆ ಅವರಿರುವಾಗಲೇ ಬನ್ನಿ.

ಹತ್ತಿರದ ಮಳವಳ್ಳಿಯಲ್ಲಿ ಮನೆ ಮಾಡಿದ ಮೇಲೆ ಬಂಡೂರಿಗೆ ಹೋಗಿ ಒಂದು ಎಳಗ ತಂದೆ. ಮಾರಿದವರು ತಮ್ಮ ಹಗ್ಗ ಬಿಚ್ಚಿಕೊಂಡರು. ನಾನು ಒಯ್ದಿದ್ದ ದೊಡ್ಡವ್ವನ ಹಗ್ಗ ಕಟ್ಟಿದೆ. ಕುರಿ ಅದನ್ನು ಒಮ್ಮೆ ಮೂಸಿ, ಸುಮ್ಮನೆ ಹಿಂದೆ ಬಂತು. ಆ ಸಂಜೆ ನನ್ನ ಹಳೆಯ ಉಡಿದಾರವನ್ನು ಸೊಂಟಕ್ಕೆ ಸುತ್ತಿ ನೋಡಿದೆ. ತುದಿಗಳು ಸೇರಲಿಲ್ಲ. ಹಿತ್ತಲ ಗೋಡೆಗೊಂದು ಗೂಟ ಹೊಡೆದು, ಉಳಿದ ಹಗ್ಗಗಳ ಜೊತೆ ಅದನ್ನೂ ನೇತು ಹಾಕಿದೆ.